ಓರೆ ಪೆಟ್ಟಿಗೆ

ಬೀದಿಯವರೆಲ್ಲ ಆ ಬಡಗಿಯನ್ನು ಕರೆಯುತ್ತಿದ್ದುದು ಮೂಲೆಮಟ್ಟ ಎಂದೇ. ಮೂಲೆ ನೆಟ್ಟಗಿದೆಯೇ ಎಂದು ನೋಡುವ ಆ ಉಪಕರಣ ಅವನ ಕೈಬಿಟ್ಟದ್ದೇ ಇಲ್ಲ. ನೆಂಟರ ಮನೆಗೆ ಹೋದರೂ ಮೊದಲು ಕಿಟಕಿಯ ಚೌಕಟ್ಟು ನೋಡಿ, ಆಮೇಲೆ ಕ್ಷೇಮ ಸಮಾಚಾರ. ಹೆಂಡತಿ ಕೆಲಸ ಕಲಿಯಲು ಹೋಗಿ ಒಂದು ಪೆಟ್ಟಿಗೆ ಮಾಡಿದಾಗ ಮಹಾಶಯ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅದರ ಒಂದು ಪಕ್ಕಕ್ಕೂ ಇನ್ನೊಂದಕ್ಕೂ ತಾಳೆಯಿರಲಿಲ್ಲ. ಅಂದಿನಿಂದ ಅದು ಅಡುಗೆಮನೆಯಲ್ಲಿ ಈರುಳ್ಳಿ ತುಂಬಿಕೊಂಡು ಕೂತಿತ್ತು.

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅಳಿಯನನ್ನು ಏನೂ ಕೇಳದಿದ್ದ ಮಾವ ಈಗ ಒಂದು ಕೇಳಿದರು. ತೀರಿಕೊಂಡ ಅತ್ತೆ ಮೊಮ್ಮಗಳಿಗೆ ಕಥೆ ಹೇಳಿದ್ದು ಮೊಬೈಲಿನಲ್ಲಿತ್ತು, ಆದರೆ ಸೊಳ್ಳೆಯ ದನಿಯಷ್ಟೇ ಕೇಳುತ್ತಿತ್ತು.

"ಒಳ್ಳೆ ಸ್ಪೀಕರ್ ತಂದಿದ್ದೀನಿ ಅಳಿಯಂದ್ರೇ, ಪೆಟ್ಟಿಗೆ ನೀವು ಮಾಡ್ಕೊಡಿ. ಅವಳ ದನಿ ಒಂದ್ಸಲ ಸರಿಯಾಗಿ ಕೇಳ್ಬೇಕು."

ಅಳಿಯ ಉದ್ದ, ಅಗಲ, ಎತ್ತರ ಮೂರೂ ಒಂದೇ ಅಳತೆಯ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದ ಪೆಟ್ಟಿಗೆ ಮಾಡಿದ. ಸ್ಪೀಕರ್ ಕೂರಿಸಿ ಕಥೆ ಹಾಕಿದರೆ ಅತ್ತೆ ಹಂಡೆಯೊಳಗೆ ಕೂತು ಮಾತಾಡಿದಂತಿತ್ತು. ಕಥೆಯ ನಡುವೆ ಬಾಗಿಲು ಹಾಕಿ ಎಂದು ಗಂಡನಿಗೆ ಗದರಿದ್ದಂತೂ ಗುಡುಗೇ ಸರಿ.

"ಯಾರಿದು, ಪೈಲ್ವಾನ?" ಎಂದು ನಗಲು ನೋಡಿದ ಮಾವ ಎದ್ದು ಒಳಗೆ ಹೋದರು. ಅಳಿಯನಿಗೆ ಅನ್ನ ಸೇರಲಿಲ್ಲ.

ಇನ್ನೂ ದಪ್ಪ ಹಲಗೆಯಲ್ಲಿ, ಇನ್ನೂ ಕರಾರುವಾಕ್ಕಾಗಿ ಎರಡನೆಯದು ಮಾಡಿದ. ಅದೇ ಪೈಲ್ವಾನ. ಕೊನೆಗೆ ರೇಡಿಯೋ ರಿಪೇರಿಯವನ ಬಳಿ ಹೋದ.

"ನಿನ್ನ ಅಚ್ಚುಕಟ್ಟುತನವೇ ಮುಳುವಾಗಿದೆ ಮಾರಾಯ," ಎಂದ ಅವನು. "ಗೋಡೆಗಳೆಲ್ಲ ಒಂದೇ ದೂರದಲ್ಲಿದ್ರೆ ಒಂದೇ ಸ್ವರ ಒಳಗೇ ಬಡಿದಾಡಿ ಉಬ್ಬುತ್ತೆ. ಮೂರಳತೆನೂ ಬೇರೆಬೇರೆ ಮಾಡು, ಒಂದೆರಡು ಪಕ್ಕ ಓರೆ ಮಾಡು."

ಓರೆ! ಮೂರು ದಿನ ಒದ್ದಾಡಿದ. ಗೆರೆ ಓರೆಯಾಗಿ ಎಳೆದರೂ ಗರಗಸ ಹಿಡಿದ ಕೈ ತಾನಾಗಿ ನೆಟ್ಟಗೆ ಹೋಗುತ್ತಿತ್ತು. ನಾಲ್ಕನೆಯ ದಿನ ನೀರು ಕುಡಿಯಲು ಅಡುಗೆಮನೆಗೆ ಬಂದವನು ಈರುಳ್ಳಿಯ ಮುಂದೆ ನಿಂತುಬಿಟ್ಟ.

"ಆ ಪೆಟ್ಟಿಗೆ ಕೊಡ್ತೀಯಾ?"

"ಇಡೀ ಬೀದಿಗೆ ಕೇಳೋ ಹಾಗೆ ನಕ್ಕಿದ್ರಲ್ಲ?"

"ತಪ್ಪಾಯ್ತು ಕಣೇ. ನನ್ನ ಕೈಲಿ ಇಂಥದ್ದು ಆಗಲ್ಲ."

ಅವಳು ಈರುಳ್ಳಿಯನ್ನೆಲ್ಲ ಅವನ ಪಂಚೆಯ ಮಡಿಲಿಗೇ ಸುರಿದಳು. ಇಬ್ಬರೂ ಸೇರಿ ಮುಂದುಗಡೆ ತೂತು ಕೊರೆದು ಸ್ಪೀಕರ್ ಕೂರಿಸಿದರು, ಒಳಗೆ ಹಳೇ ಹತ್ತಿ ತುರುಕಿ, ಮುಚ್ಚಳವನ್ನು ಗಾಳಿಯಾಡದಂತೆ ಅಂಟಿಸಿದರು.

ಸಂಜೆ ಮಾವ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಅತ್ತೆಯ ದನಿ ತಿಳಿಯಾಗಿ ಹೊರಬಂತು, ಉಸಿರು ಎಳೆದುಕೊಂಡದ್ದು ಕೂಡ ಕೇಳಿತು. ರಾಜಕುಮಾರಿ ಕಾಡು ಹೊಕ್ಕಳು, ದಾರಿ ತಪ್ಪಿದಳು.

"ರೀ, ಆ ಬಾಗಿಲು ಹಾಕ್ರೀ! ಎಷ್ಟು ಸಲ ಹೇಳೋದು?"

ಮಾವ ದಡಬಡಿಸಿ ಎದ್ದರು. "ಹಾಕ್ದೆ ಕಣೇ, ಹಾಕ್ದೆ," ಎನ್ನುತ್ತಾ ಹೋಗಿ, ತೆರೆದಿದ್ದ ಬಾಗಿಲು ಹಾಕಿ, ಚಿಲಕವನ್ನೂ ಹಾಕಿ ಬಂದು ಕೂತರು.

"ಹೂಂ, ಮುಂದೆ ಹೇಳು," ಎಂದರು ಪೆಟ್ಟಿಗೆಗೆ.