ಮುಳ್ಳು ಹೊತ್ತು ಅಮೀನಗಡದವರೆಗೆ

ನಾನು ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿಯ ಟ್ಯೂಬು. ಕಾದ ಅಚ್ಚಿನಲ್ಲಿ ಹುಟ್ಟಿದೆ. ಮೈಗೆ ಬಿಳಿ ಪುಡಿ ಬಳಿದು, ಮಡಚಿ ಡಬ್ಬಿಯಲ್ಲಿಟ್ಟರು. ಗುಳೇದಗುಡ್ಡದ ಅಂಗಡಿಯೊಂದರಲ್ಲಿ ಎಂಟು ತಿಂಗಳು ಮಲಗಿದ್ದ ನನ್ನನ್ನು ಮೌನೇಶ ಬಡಿಗೇರ ಎಂಬಾತ ಕೊಂಡ. ಟೈರಿನೊಳಗೆ ಹೊಕ್ಕು ಮೊದಲ ಸಲ ಗಾಳಿ ಕುಡಿದಾಗ ನನಗೊಂದು ಆಕಾರ ಬಂತು. ನಾನು ಲೋಕವನ್ನು ನೋಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು.

ಮೌನೇಶ ಹಾರ್ಮೋನಿಯಂ ರಿಪೇರಿ ಮಾಡುವವನು. ಅದನ್ನು ನಮ್ಮ ಕಡೆ ಪೇಟಿ ಎನ್ನುತ್ತಾರೆ. ಐವತ್ತು ದಾಟುತ್ತಲೇ ಅವನ ಕಿವಿ ಮಂದವಾಯಿತು. "ಕಿವುಡನ ಕೈಯಾಗ ಪೇಟಿ ಕೊಟ್ಟರ ಹ್ಯಾಂಗ?" ಎಂದು ಜನ ಆಡಿಕೊಂಡರು, ಕೆಲಸ ಕಡಿಮೆಯಾಯಿತು. ಆಗ ಹೆಂಡತಿ ನೀಲವ್ವ ಅವನ ಪಕ್ಕದಲ್ಲಿ ಕೂತು ಸ್ವರ ಕೇಳತೊಡಗಿದಳು. ಸ್ವರ ಏರಿದ್ದರೆ ಅವಳ ಹೆಬ್ಬೆರಳು ಮೇಲಕ್ಕೆ, ಇಳಿದಿದ್ದರೆ ಕೆಳಕ್ಕೆ. ಅದನ್ನು ನೋಡಿ ಅವನು ಸರಿಪಡಿಸುತ್ತಿದ್ದ.

ಒಂದು ಭಾನುವಾರ ಇಳಕಲ್ಲಿನಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಗೆ, ಮಧ್ಯಾಹ್ನ ಮೂರರ ಆಟಕ್ಕೆ ಸರಿಯಾಗಿ, ದುರಸ್ತಿಯಾದ ಪೇಟಿ ಮುಟ್ಟಿಸಬೇಕಿತ್ತು. ಎರಡು ವರ್ಷದ ಮೇಲೆ ಬಂದ ದೊಡ್ಡ ಕೆಲಸ. ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ನೀಲವ್ವ ಹಿಂದೆ ಕೂತಿದ್ದಳು. ಕಮತಗಿ ದಾಟಿದ ಮೇಲೆ ಜಾಲಿಮುಳ್ಳೊಂದು ಟೈರು ತೂರಿ ನನಗೆ ಚುಚ್ಚಿತು. ಗಾಳಿ ಒಮ್ಮೆಲೇ ಹೋಗಲಿಲ್ಲ, ಎಳೆಎಳೆಯಾಗಿ ಹೊರಟಿತು. ಗಾಲಿ ಹೊಯ್ದಾಡಿತು. ಮೌನೇಶ ಗಾಡಿ ನಿಲ್ಲಿಸಿ ಸೀಟಿನಡಿಯ ಪಂಪು ತೆಗೆದು ಗಾಳಿ ಹಾಕಿದ. ಸ್ವಲ್ಪ ದೂರಕ್ಕೆ ಮತ್ತೆ ಅದೇ ಪಾಡು.

ನೀಲವ್ವ ಇಳಿದು ಟೈರಿಗೆ ಕೆನ್ನೆ ಹಚ್ಚಿದಳು.

"ಇಲ್ಲೇ ಸುಂಯ್ ಅನ್ನಾಕತ್ತೈತ್ರೀ."

ಬೆರಳಿಗೆ ಉಗುಳು ಹಚ್ಚಿಕೊಂಡು ಅಲ್ಲಿ ಸವರಿದಳು. ಗುಳ್ಳೆ ಎದ್ದಿತು, ಮುಳ್ಳಿನ ಬುಡವೂ ಕಂಡಿತು. ಮೌನೇಶ ಇಕ್ಕಳ ತಂದ. ಅವಳು ಅವನ ಕೈ ಹಿಡಿದಳು.

"ಕೀಳಬ್ಯಾಡ್ರೀ!" ಎಂದು ಕಿವಿಯ ಹತ್ತಿರ ಕೂಗಿದಳು. "ಮುಳ್ಳು ಇದ್ದರ ಸಾವಕಾಶ ಹೋಗತೈತಿ. ಕಿತ್ತರ ಇದ್ದದ್ದೂ ಹೋಗತೈತಿ."

ಅವನು ಇಕ್ಕಳ ಒಳಗಿಟ್ಟ. ಹಿಂದಿನ ಗಾಲಿಗೆ ಭಾರ ಕಡಿಮೆಯಾಗಲೆಂದು ಪೇಟಿಯನ್ನು ಮುಂದೆ ಪೆಟ್ರೋಲ್ ಟಾಕಿಯ ಮೇಲೆ ಕಟ್ಟಿದರು. ಏರು ಬಂದಲ್ಲೆಲ್ಲ ಅವಳು ಇಳಿದು ನಡೆದಳು. ಎರಡು ಕಿಲೋಮೀಟರಿಗೊಮ್ಮೆ ನಿಂತು ಅವನು ಪಂಪು ಹೊಡೆದ, ಅವಳು ಕೆನ್ನೆ ಹಚ್ಚಿ ಕೇಳಿದಳು. ನೋವಿದ್ದರೂ ನಾನು ತಡೆದುಕೊಂಡೆ. ಹಾಗೆಯೇ ಅಮೀನಗಡ ಸೇರಿದೆವು.

ಅಲ್ಲಿ ಪಂಚರ್ ಅಂಗಡಿಯ ಮಾಲನಬಿ ನನ್ನನ್ನು ಹೊರಗೆಳೆದು ಮುಳ್ಳು ಕಿತ್ತು ತ್ಯಾಪೆ ಹಾಕಿದಳು.

"ಮುಳ್ಳು ಕೀಳದ ಬಂದೀರಿ, ಶಾಣ್ಯಾ ಅದೀರಿ," ಎಂದು ಗಟ್ಟಿಯಾಗಿ ಹೇಳಿದಳು.

"ಶಾಣ್ಯಾಕಿ ಇಕಿ," ಎಂದು ಮೌನೇಶ ನೀಲವ್ವನತ್ತ ಕೈ ತೋರಿಸಿದ. ಅವಳು ಸೆರಗಿನಿಂದ ಕೆನ್ನೆಯ ಧೂಳು ಒರೆಸಿಕೊಂಡಳು.

ಇಳಕಲ್ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ನಾಟಕದ ಡೇರೆಯ ಹೊರಗೆ ನಿಂತ ನನಗೆ ಒಳಗಿನ ಪೇಟಿಯ ಸ್ವರ ನಿಚ್ಚಳವಾಗಿ ಕೇಳಿಸಿತು. ಆಟ ಮುಗಿದ ಮೇಲೆ ಪೇಟಿ ಮಾಸ್ತರರು ಹೊರಗೆ ಬಂದು, "ಬಡಿಗೇರ, ಇನ್ನೂ ಎರಡು ಪೇಟಿ ಅದಾವ, ಒಯ್ಯೋ," ಎಂದರು. ಮೌನೇಶನಿಗೆ ಕೇಳಿಸಲಿಲ್ಲ. ನೀಲವ್ವ ಎರಡು ಬೆರಳೆತ್ತಿ ತೋರಿಸಿದಳು. ಅವನು ದೊಡ್ಡ ದನಿಯಲ್ಲಿ ನಕ್ಕ.

ಆಮೇಲೆ ನಾಲ್ಕು ವರ್ಷ ಓಡಿದೆ. ಕೊನೆಗೆ ನನ್ನ ವಾಲ್ವಿನ ಬುಡ ಹರಿದಾಗ ಮಾಲನಬಿಯ ಅಂಗಡಿಯಲ್ಲೇ ನನ್ನನ್ನು ಬದಲಿಸಿದರು. ಅವಳು ನನ್ನನ್ನು ಮೊಳೆಗೆ ನೇತುಹಾಕಿದಳು. ಈಗ ನನ್ನ ಗಟ್ಟಿ ಭಾಗಗಳನ್ನು ಕತ್ತರಿಸಿ ಬೇರೆ ಟ್ಯೂಬುಗಳಿಗೆ ತ್ಯಾಪೆ ಹಾಕುತ್ತಾಳೆ. ಹಾಲಿನವನ ಗಾಡಿಯಲ್ಲಿ ಒಂದು ಚೂರು, ಟಪಾಲಿನವನ ಗಾಡಿಯಲ್ಲಿ ಒಂದು ಚೂರು. ಮೊಳೆಯ ಮೇಲೆ ಉಳಿದದ್ದು ಗೇಣುದ್ದ. ಅದೂ ಮುಗಿದೀತು. ಬೇಸರವಿಲ್ಲ. ಇಡಿಯಾಗಿದ್ದಾಗ ಒಂದೇ ದಾರಿಯಲ್ಲಿ ಓಡುತ್ತಿದ್ದೆ. ಈಗ ಒಂದೇ ಹೊತ್ತಿಗೆ ಎಷ್ಟು ದಾರಿಗಳಲ್ಲಿದ್ದೇನೋ, ಲೆಕ್ಕ ನನಗೇ ಸಿಗುತ್ತಿಲ್ಲ.