ಎರಡು ಗಂಟೆ ಹದಿನೈದು ನಿಮಿಷ

ನಮ್ಮ ಭಾವ ಮಾತಿಗೆ ನಿಂತರೆ ನಿಲ್ಲಿಸುವವರಿಲ್ಲ. "ಸಾಕು ಭಾವ, ಕಿವಿ ತೂತಾಯ್ತು" ಎಂದು ಮೂವತ್ತು ವರ್ಷ ಅವರನ್ನು ಗೋಳುಹೊಯ್ದುಕೊಂಡವಳು ನಾನೇ. ಸೋಮವಾರ ಅವರ ಗಂಟಲಿನ ಆಪರೇಷನ್. ಆಮೇಲೆ ಧ್ವನಿ ಇರುವುದಿಲ್ಲ. ಅದಕ್ಕೇ ಒಂದು ವರ್ಷದ ಮೊಮ್ಮಗಳಿಗೆಂದು, ನಮ್ಮ ಕಂಪನಿ ತಯಾರಿಸುವ ರೆಕಾರ್ಡರಿನಲ್ಲಿ ಒಂದೇ ಸಮನೆ ಎರಡು ಗಂಟೆ ಹದಿನೈದು ನಿಮಿಷ ಮಾತಾಡಿಟ್ಟಿದ್ದರು.

ಶುಕ್ರವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು.

"ಲೇ, ಕಂಪ್ಯೂಟರಿಗೆ ಹಾಕಿದ್ರೆ ಹನ್ನೊಂದೇ ನಿಮಿಷ ಬಂದಿದೆ ಕಣೇ. ಕಾಪಿ ಆಯ್ತು, ಕಾರ್ಡಲ್ಲಿರೋದನ್ನ ಅಳಿಸಲಾ ಅಂತ ಬೇರೆ ಕೇಳ್ತಿದೆ."

"ಅಳಿಸಿಬಿಟ್ರಾ?"

"ನಿಮ್ಮ ಭಾವ ಯಾವತ್ತು ಒಂದೇ ಸಲಕ್ಕೆ ಹೂಂ ಅಂದಿದ್ದಾರೆ? ಮೊದಲು ಕೇಳಿ ನೋಡ್ತೀನಿ ಅಂದ್ರು."

ಮಧ್ಯಾಹ್ನದೊಳಗೆ ಅಕ್ಕ ಕಾರ್ಡು ತಂದುಕೊಟ್ಟಳು. ರೆಕಾರ್ಡರಿನ ಕಾರ್ಡಿನಿಂದ ಕಂಪ್ಯೂಟರಿಗೆ ನಕಲು ಮಾಡುವ ಕೋಡ್ ಬರೆದವಳು ನಾನೇ. ಬೇರೆಯವರನ್ನು ಬೈಯುವ ಸುಖವೂ ಇಲ್ಲ. ಎಷ್ಟು ಬೈಟ್ ನಕಲಾಗಬೇಕೆಂಬ ಸಂಖ್ಯೆಗೆ ಸಣ್ಣ ಜಾಗ ಕೊಟ್ಟಿದ್ದೆ. ಹಳೆಯ ಸ್ಕೂಟರಿನ ಮೀಟರ್ ಒಂಬತ್ತುಗಳನ್ನೆಲ್ಲ ದಾಟಿ ಸೊನ್ನೆಗೆ ಬರುವಂತೆ, ಅದು ಎರಡು ಗಂಟೆ ನಾಲ್ಕು ನಿಮಿಷಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗಿತ್ತು. ಉಳಿದದ್ದು ಹನ್ನೊಂದು ನಿಮಿಷ. ಯಂತ್ರ ಅಷ್ಟನ್ನೇ ನಕಲು ಮಾಡಿ ಕೈತೊಳೆದುಕೊಂಡಿತ್ತು.

ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಈ ಜಾಗ ಸಾಲದೆ ಹೋಗಬಹುದೆಂದು ಅಂದೇ ಎಚ್ಚರಿಸಿತ್ತು. "ಗೊತ್ತಿದೆ, ಸುಮ್ಮನಿರು" ಎಂಬರ್ಥದ ಒಂದು ಪದ ಸೇರಿಸಿ ನಾನು ಅದರ ಬಾಯಿ ಮುಚ್ಚಿಸಿದ್ದೆ. ಯಾರಪ್ಪ ಎರಡು ಗಂಟೆ ಒಂದೇ ಸಮನೆ ಮಾತಾಡುತ್ತಾರೆ ಎಂದುಕೊಂಡಿದ್ದೆ. ಭಾವನನ್ನು ಬಲ್ಲವಳಿಗೆ ಈ ಬುದ್ಧಿ! ನಾಚಿಕೆಯಾಯಿತು.

ಆ ಪದ ಕಿತ್ತು, ಸಂಖ್ಯೆಗೆ ದೊಡ್ಡ ಜಾಗ ಕೊಟ್ಟೆ. ಕಂಪೈಲರ್ ಅದೇ ತಪ್ಪನ್ನು ಇನ್ನೂ ಮೂರು ಕಡೆ ತೋರಿಸಿತು. ತುಟಿಪಿಟಕ್ಕೆನ್ನದೆ ಅವನ್ನೂ ಸರಿಪಡಿಸಿ, ಮತ್ತೆ ನಕಲಿಗೆ ಹಾಕಿದೆ. ಪೂರ್ತಿ ಬಂತು. ಆದರೂ ನಂಬಿಕೆ ಸಾಲದೆ ಕೊನೆಯ ನಿಮಿಷ ಹಾಕಿ ಕೇಳಿದೆ.

"...ಪುಟ್ಟಿ, ಇದು ನಿಂಗೆ ಇಲ್ಲೀವರೆಗೂ ಕೇಳಿಸಿದ್ರೆ ನಿನ್ನ ಚಿಕ್ಕಜ್ಜಿಗೆ ಒಂದು ಮುತ್ತು ಕೊಡು. ಯಂತ್ರ ಅವಳ್ದು. ನನ್ನ ಮಾತು ಸಾಕು ಸಾಕು ಅಂತಿದ್ದೋಳೇ ಅದನ್ನ ಉಳಿಸಿಕೊಟ್ಟಿದ್ದಾಳೆ."

ಮೇಜಿನ ಮುಂದೆ ಕೂತು ಅತ್ತೆ. ಆಮೇಲೆ ಮುಖ ಒರೆಸಿಕೊಂಡು ಫೋನ್ ಮಾಡಿದೆ.

"ಪೂರ್ತಿ ಬಂತು ಭಾವ."

"ಸರಿ ಬಿಡು. ನಿನ್ನ ಕೆಲಸ ನೋಡ್ಕೋ." ಅವರ ಧ್ವನಿ ಆಗಲೇ ಒಡೆದಿತ್ತು.

"ಫೋನ್ ಇಡಬೇಡಿ ಭಾವ," ಎಂದೆ. "ಇನ್ನೊಂದಿಷ್ಟು ಮಾತಾಡಿ."