ಮೋಟಾರಿಗೆ ಹಚ್ಚಿದ ವಿಭೂತಿ

ದುಡ್ಡಿದ್ದವರಿಗೆ ಬುದ್ಧಿಯೂ ಇರಬೇಕೆಂದು ಯಾವ ಕಾನೂನೂ ಇಲ್ಲ. ದಾವಣಗೆರೆಯ ಮೆಕ್ಕೆಜೋಳದ ದಲ್ಲಾಳಿ ಬಕ್ಕೇಶಪ್ಪನವರನ್ನು ನೋಡಿದಾಗಲೆಲ್ಲ ಕುತುಬುದ್ದೀನನಿಗೆ ಹಾಗೆ ಅನಿಸುತ್ತಿತ್ತು. ಕಾರವಾರದ ಮೀನುಗಾರರು ಮಾರಿದ ಹಳೇ ಮೋಟಾರನ್ನು ತಂದು, ಕೊಂಡಜ್ಜಿ ಕೆರೆಯಲ್ಲಿ ಒಂದು ದೋಣಿಯ ಹಿಂಬದಿಗೆ ನೇತುಹಾಕಿ, ಹಡಗಿನ ಯಜಮಾನನ ಹಾಗೆ ಬೀಗುವ ಮನುಷ್ಯ. ಈಜು ಬಾರದು. ಮೊಣಕಾಲುದ್ದ ನೀರಿಗೂ ಇಳಿಯುವವರಲ್ಲ.

ಆ ಮೋಟಾರಿಗೆ ನೀರೆತ್ತುವ ರಬ್ಬರ್ ಚಕ್ರ ಹೊಸದು ಹಾಕಿಕೊಟ್ಟವನು ಹರಿಹರದ ಪಂಪ್‌ಸೆಟ್ ಮೆಕ್ಯಾನಿಕ್ ಕುತುಬುದ್ದೀನ್. ಓಡುವಾಗ ಮೋಟಾರು ಕೆರೆಯ ನೀರನ್ನೇ ಹೀರಿ, ಮೈ ತಣ್ಣಗೆ ಮಾಡಿಕೊಂಡು, ಹಿಂದಿನ ಸಣ್ಣ ತೂತಿನಿಂದ ಉಗುಳಬೇಕು. ತೊಂಬತ್ತೆಂಟರ ಆಯುಧ ಪೂಜೆಯವರೆಗೆ ಬೆರಳು ದಪ್ಪದ ಧಾರೆ ಬರುತ್ತಿತ್ತು. ಪೂಜೆಯಾದ ವಾರದಲ್ಲೇ ಅದು ನೂಲಿನಷ್ಟಾಯಿತು, ಮೋಟಾರು ಕಾದು ಕೆರೆಯ ನಡುವೆ ನಿಂತಿತು. ಬಕ್ಕೇಶಪ್ಪನವರು ನೆಟ್ಟಗೆ ಹರಿಹರದ ಚಹಾದಂಗಡಿಗೆ ಬಂದು, ಹತ್ತು ಜನರೆದುರು, "ಕುತುಬ ಡೂಪ್ಲಿಕೇಟ್ ರಬ್ಬರ್ ಹಾಕ್ಯಾನ. ಇವನ ಕೈಗೆ ಯಾರೂ ಪಂಪ್‌ಸೆಟ್ ಕೊಡಬ್ಯಾಡ್ರಿ" ಎಂದರು.

ನಂದಿಗುಡಿಯಿಂದ ಗುತ್ತೂರಿನವರೆಗೆ ರೈತರು ಅವನ ಬಳಿ ಬರುತ್ತಿದ್ದದ್ದು ಒಂದೇ ನಂಬಿಕೆಗೆ: ಕುತುಬ ಕಳ್ಳಮಾಲು ಹಾಕುವುದಿಲ್ಲ. ಮರುದಿನವೇ ಇಬ್ಬರು ಬಂದು ರಿಪೇರಿಗೆ ಬಿಟ್ಟಿದ್ದ ಪಂಪ್‌ಸೆಟ್ ವಾಪಸ್ ಒಯ್ದರು. ಹೆಸರು ಹೋದರೆ ಅಂಗಡಿಗೆ ಬೀಗ ಹಾಕುವುದೊಂದೇ ಬಾಕಿ.

ಹೀಗಾಗಿ ಭಾನುವಾರ ಬೆಳಿಗ್ಗೆ ಕೆರೆಯ ದಂಡೆಗೆ ಬಂದು ಮೋಟಾರು ಬಿಚ್ಚಿದ. ದೋಣಿಯಲ್ಲಿ ಸುತ್ತಾಡಲು ಬಂದ ಯಜಮಾನರ ನೆಂಟರು ಸುತ್ತ ನಿಂತು ತಲೆಗೊಂದು ಸಲಹೆ ಕೊಟ್ಟರು. ರಬ್ಬರ್ ಚಕ್ರ ಹೊಸದರ ಹಾಗೇ ಇತ್ತು. ಮೇಲಿನ ಕೊಳವೆಗೆ ಊದಿದ, ಗಾಳಿ ಸಲೀಸಾಗಿ ಹೋಯಿತು. ಉಳಿದದ್ದು ಕೆಳಗೆ, ನೀರು ಹೀರುವ ಜಾಲರಿ. ಕೈ ಅತ್ತ ಹೋಗುತ್ತಲೇ ಬಕ್ಕೇಶಪ್ಪನವರು ಕುರ್ಚಿಯಿಂದಲೇ ಗದರಿದರು.

"ಏ, ಅಲ್ಲಿ ಮುಟ್ಟಬ್ಯಾಡ! ವಿಭೂತಿ ಐತೆ."

ಇತ್ತು. ನೀರಿಗಿಳಿಯುವ ಮೋಟಾರಿನ ಕಾಲಿಗೆ, ಜಾಲರಿ ಇರಬೇಕಾದ ಎರಡೂ ಮಗ್ಗುಲಲ್ಲಿ, ಮೂರು ಮೂರು ಬಿಳಿ ಗೆರೆ. ಪೂಜೆಯ ವಿಭೂತಿ ನೀರಿಗಿಳಿದರೆ ತೊಳೆದುಹೋಗುತ್ತದೆಂದು ಯಜಮಾನರು ಲಾರಿ ಪೇಂಟರನನ್ನು ಕರೆಸಿ ಆಯಿಲ್ ಪೇಂಟಿನಲ್ಲೇ ಬರೆಸಿದ್ದರು. ಹಣೆ ಎನ್ನಬಹುದಾದ ಮೇಲಿನ ಮುಚ್ಚಳದ ತುಂಬ ದಪ್ಪ ಅಕ್ಷರದಲ್ಲಿ ತಮ್ಮದೇ ಹೆಸರಿದ್ದುದರಿಂದ ದೇವರಿಗೆ ಕಾಲಿನ ಬಳಿ ಜಾಗ ಸಿಕ್ಕಿತ್ತು.

ಕುತುಬುದ್ದೀನ್ ಕೈ ಹಿಂದಕ್ಕೆಳೆದುಕೊಂಡ. ಸಾಬರವನು ವಿಭೂತಿ ಕೆರೆದ ಎಂಬ ಮಾತೊಂದು ಹುಟ್ಟುವುದು ಬೇಡ. ನೀರು ಏಳದಿದ್ದರೆ ಮೊದಲು ಕೊಳವೆಯ ಬುಡದಲ್ಲಿ ನೀರು ಹೀರುವ ಫುಟ್‌ವಾಲ್ವ್ ನೋಡು ಎಂದು ಅವನಪ್ಪ ಕಲಿಸಿದ್ದರು. ಹೆದರಿಕೆಗೆ ಆ ಪಾಠ ಬಿಟ್ಟ ತನ್ನ ಮೇಲೂ ಅವನಿಗೆ ಅಸಹ್ಯವಾಯಿತು.

ಬಿಚ್ಚಿದ ಕಾಲನ್ನು ನೆಟ್ಟಗೆ ನಿಲ್ಲಿಸಿದ. ಯಜಮಾನರ ಹೆಂಡತಿ ಶಾಂತಕುಮಾರಿಯಿಂದ ಒಂದು ಚೊಂಬು ನೀರು ಕೇಳಿ ಪಡೆದು, ಹೀರುವ ದಾರಿಗೆ ಮೇಲಿನಿಂದ ಸುರಿದ.

"ನೋಡ್ರಿ. ಜಾಲರಿ ತೆರೆದಿದ್ರ ಈ ನೀರು ಸುರ್ರಂತ ಕೆಳಗ ಇಳೀಬೇಕು."

ಇಳಿಯಲಿಲ್ಲ. ಗಡಿಗೆಯಲ್ಲಿ ನಿಂತ ಹಾಗೆ ತುಂಬಿ ನಿಂತಿತು. ಎಣಿಸಿ ನಾಲ್ಕು ಹನಿ ಜಿನುಗಿದವು.

"ನಿಮ್ಮ ಪೇಂಟರ್ ಜಾಲರಿ ನೋಡಿ ತಗಡು ತೂತು ಬಿದ್ದೈತೆ ಅಂದ್ಕೊಂಡು ಪುಟ್ಟಿ ಮೆತ್ಯಾನ. ಮ್ಯಾಲೆ ಬಣ್ಣ ಬಳದಾನ." ಕುತುಬುದ್ದೀನ್ ಉಳಿಯನ್ನು ಮುಂದೆ ಚಾಚಿದ. "ನಾ ಮುಟ್ಟಾದಿಲ್ರಿ. ನೀವೇ ಕೆರೀರಿ."

ಬಕ್ಕೇಶಪ್ಪನವರು ಆಕಾಶ ನೋಡಿದರು. ಉಳಿ ತೆಗೆದುಕೊಂಡವರು ಶಾಂತಕುಮಾರಿ.

"ವಿಭೂತಿ ಹಣೆಗೆ ಹಚ್ತಾರ. ಅಲ್ಲಿ ನಿಮ್ಮ ಹೆಸರು ಬರಸ್ಕೊಂಡು, ಶಿವನ್ನ ಕಾಲಿಗೆ ಮೆತ್ತಿಸೀರಲ್ಲ!" ಎಂದು ಸೆರಗು ಸಿಕ್ಕಿಸಿ ಕೂತು ಕೆರೆದರು. ಪುಟ್ಟಿ ಚೂರುಚೂರಾಗಿ ಉದುರಿತು.

ಮೋಟಾರು ಜೋಡಿಸಿ, ನೀರಿಗಿಳಿಸಿ ಹಗ್ಗ ಎಳೆದಾಗ ಬೆರಳು ದಪ್ಪದ ಧಾರೆ ಹಾರಿತು. ನೆಂಟರು ಚಪ್ಪಾಳೆ ತಟ್ಟಿ ದೋಣಿ ಹತ್ತಿದರು. "ಸ್ವಲ್ಪ ಕಸ ಸಿಕ್ಕಿತ್ತು, ನಾನೇ ತೆಗಿಸಿದೆ" ಎಂದರು ಬಕ್ಕೇಶಪ್ಪನವರು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

"ಯಜಮಾನ್ರ, ಚಹಾದಂಗಡ್ಯಾಗ ಆಡಿದ ಮಾತು?"

"ಅದೆಲ್ಲ ಯಾಕೋ ಈಗ? ಮರ್ತುಬಿಡು."

ಕುತುಬುದ್ದೀನನಿಗೆ ಸಿಟ್ಟು ಬರಲಿಲ್ಲ, ಹೇಸಿಗೆಯಾಯಿತು. ಮೋಟಾರು ಬಂದ್ ಮಾಡಿ, ಅದಕ್ಕೆ ಕಿಡಿ ಕೊಡುವ ಬಿಸಿ ಪ್ಲಗ್ಗನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಜೇಬಿಗಿಳಿಸಿದ.

"ಪ್ಲಗ್ ಆ ಚಹಾದಂಗಡ್ಯಾಗೇ ಇರ್ತೈತ್ರಿ. ಅದೇ ಹತ್ತು ಮಂದಿ ಮುಂದ ಖರೇ ಹೇಳಿ ತಗೊಂಡು ಹೋಗ್ರಿ."

ಶಾಂತಕುಮಾರಿ ಕೈ ತೊಳೆದು, ಕಾರಿನ ಬೀಗದ ಕೈ ತಂದು ಗಂಡನ ಅಂಗೈಯಲ್ಲಿ ಇಟ್ಟರು.

"ಹೋಗಿ ಬರ್ರಿ. ನಾವು ದೋಣ್ಯಾಗ ಕೂತಿರ್ತೀವಿ."